ಮನೇಲಿರೋ ಹಿರಿಯರ ಕಿವಿ, ಕಣ್ಣು, ಕಾಲು, ನೆನಪು: ಯಾವುದನ್ನ ಮೊದಲು ನೋಡಿಸ್ಬೇಕು, ಹೇಗೆ ನೋಡಿಸ್ಬೇಕು

ಅರವತ್ತಕ್ಕೆ ಅರಳುಮರಳು ಅಂತ ಒಂದು ಮಾತಿದೆಯಲ್ಲ, ಅದರಿಂದ ಆಗಿರೋ ನಷ್ಟ ಅಷ್ಟಿಷ್ಟಲ್ಲ. ಅಪ್ಪ ಹೇಳಿದ್ದು ಕೇಳಿಸ್ಕೊಳ್ಳಲ್ಲ, ಅಮ್ಮ ಗೋಡೆ ಹಿಡ್ಕೊಂಡು ನಡೀತಾರೆ, ಅತ್ತೆ ಕೇಳಿದ್ದನ್ನೇ ಮತ್ತೆ ಕೇಳ್ತಾರೆ, ಎಲ್ಲದಕ್ಕೂ ನಮ್ಮ ಹತ್ರ ಇರೋದು ಒಂದೇ ಉತ್ತರ, ವಯಸ್ಸಾಯ್ತಲ್ಲ ಬಿಡಿ. ವಯಸ್ಸಾಗಿರೋದು ನಿಜ, ಆದ್ರೆ ಇದರಲ್ಲಿ ಎಷ್ಟೋ ವಿಷಯ ಸರಿ ಮಾಡ್ಬಹುದಾದ್ದು, ಕೆಲವಂತೂ ಒಂದೇ ಮಧ್ಯಾಹ್ನದಲ್ಲಿ ಸರಿಹೋಗೋವಂಥವು. ಹತ್ತಾರು ವರ್ಷದಿಂದ ಮನೇಲಿ ಹಿರಿಯರನ್ನ ನೋಡ್ಕೊಳ್ತಾ ಬಂದಿದೀನಿ, ಡಾಕ್ಟರ್‌ಗಳ ಹತ್ರ ಕೂತು ಕೇಳಿ ತಿಳ್ಕೊಂಡಿದ್ದು, ಓದಿದ್ದು ಎಲ್ಲ ಸೇರಿಸಿ ಬರೀತಿದೀನಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ನೋಡಿಸೋ ಆರ್ಡರ್ ಮುಖ್ಯ. ಮರೆವು ಅಂದ ತಕ್ಷಣ ಎಲ್ಲರೂ ಸೀದಾ ನ್ಯೂರಾಲಜಿಸ್ಟ್ ಹತ್ರ ಓಡ್ತಾರೆ. ಅಲ್ಲಿ ಡಾಕ್ಟರ್ ಮೂರು ಪದ ಹೇಳಿ ನೆನಪಿಟ್ಕೊಳ್ಳಿ ಅಂತಾರೆ, ಅಪ್ಪನಿಗೆ ಆ ಪದಗಳು ಸರಿಯಾಗಿ ಕೇಳಿಸಿರೋದೇ ಇಲ್ಲ, ಚಿತ್ರ ನೋಡಿ ಬರೀರಿ ಅಂತಾರೆ, ಪೊರೆ ಬಂದ ಕಣ್ಣಿಗೆ ಗೆರೆ ಕಾಣಲ್ಲ, ಮಾರ್ಕ್ಸ್ ಕಮ್ಮಿ ಬರತ್ತೆ, ಮನೆಯವರೆಲ್ಲ ಹೆದರಿ ಕೂರ್ತಾರೆ. ಅದಕ್ಕೇ ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಕಾಲು ಮತ್ತೆ ಬ್ಯಾಲೆನ್ಸ್, ಆಮೇಲೆ ಮಾತ್ರೆ ಡಬ್ಬಿ ಮತ್ತೆ ರಕ್ತ ಪರೀಕ್ಷೆ, ಕೊನೇಲಿ ನೆನಪು. ಈ ಆರ್ಡರ್ ನಿಧಾನಕ್ಕೆ ಶುರುವಾದ ತೊಂದರೆಗಳಿಗೆ ಮಾತ್ರ, ದಿಢೀರ್ ಅಂತ ಆಗಿದ್ದಕ್ಕೆ ಅಲ್ಲ, ಅದನ್ನ ಮುಂದೆ ಬೇರೆಯಾಗೇ ಹೇಳ್ತೀನಿ.

ಶುರು ಮಾಡೋಕೆ ಮುಂಚೆ: ಒಂದು ವಾರ ಸುಮ್ನೆ ಗಮನಿಸಿ

ಏನಾಗ್ತಿದೆ ಅಂತ ಹಿರಿಯರನ್ನ ಕೇಳಿದ್ರೆ ಏನೂ ಇಲ್ಲ, ಚೆನ್ನಾಗಿದೀನಿ ಅಂತಾನೇ ಹೇಳೋದು. ಹಾಗಾಗಿ ಒಂದು ನೋಟ್‌ಬುಕ್ ಇಟ್ಕೊಂಡು ಕಂಡಿದ್ದನ್ನ ಬರೀತಾ ಹೋಗಿ. ಟಿವಿ ವಾಲ್ಯೂಮ್ ಎಷ್ಟಿಟ್ಟಿದಾರೆ, ಪೇಪರ್ ಓದೋಕೆ ಎಲ್ಲಿ ಹೋಗಿ ಕೂರ್ತಾರೆ, ಕುರ್ಚಿಯಿಂದ ಏಳುವಾಗ ಕೈ ಊರ್ತಾರಾ, ತಿರುಗುವಾಗ ಚಿಕ್ಕ ಚಿಕ್ಕ ಹೆಜ್ಜೆ ಇಡ್ತಾರಾ, ಸಾರಿಗೆ ಉಪ್ಪು ಜಾಸ್ತಿ ಆಗ್ತಿದೆಯಾ. ನಮ್ಮತ್ತೆ ಅಕ್ಕಿ ಆರಿಸೋಕೆ ಯಾವಾಗ್ಲೂ ಅಡುಗೆ ಮನೇಲೇ ಕೂರ್ತಿದ್ದವರು ಬರ್ತಾ ಬರ್ತಾ ಮೊರ ತಗೊಂಡು ಹಾಲಿನ ಕಿಟಕಿ ಹತ್ರ ಬಂದ್ರು, ಆಮೇಲೆ ಅಲ್ಲೂ ಕಲ್ಲು ಕಾಣದೆ ಬೆರಳಲ್ಲಿ ಸವರಿ ಸವರಿ ಹುಡುಕೋಕೆ ಶುರು ಮಾಡಿದ್ರು, ಕಣ್ಣು ಮಂಜಾಗಿದೆ ಅಂತ ಬಾಯಿಬಿಟ್ಟು ಒಂದು ದಿನಾನೂ ಹೇಳ್ಲಿಲ್ಲ. ಬಹಳಷ್ಟು ಹಿರಿಯರು ಹೀಗೇ, ತೊಂದರೆಗೆ ಹೊಂದ್ಕೊಂಡು ಹೋಗ್ತಾರೆ, ಆ ಹೊಂದಾಣಿಕೆ ನಮ್ಮ ಕಣ್ಣಿಗೆ ಬೀಳ್ಬೇಕು.

ಮೊದಲು ಕಿವಿ

ವಯಸ್ಸಾದಾಗ ಕಿವಿ ಪೂರ್ತಿ ಮಂದ ಆಗೋದಲ್ಲ, ಮೊದಲು ಹೋಗೋದು ಕೀಚಲು ಶಬ್ದಗಳು, ಅಂದ್ರೆ ಹೈ ಫ್ರೀಕ್ವೆನ್ಸಿ. ಅಆಇಈ ಸ್ವರಗಳು ದಪ್ಪ ಶಬ್ದ, ಅವು ಚೆನ್ನಾಗೇ ಕೇಳಿಸ್ತವೆ. ಸ, ಶ, ತ, ಕ, ಚ ಇಂಥ ವ್ಯಂಜನಗಳು ತೆಳು ಶಬ್ದ, ಅವು ಜಾರಿ ಹೋಗ್ತವೆ. ಸಾರು ಹಾಕ್ಲಾ ಅಂದ್ರೆ ಕಾರಾ, ಯಾರು ಬಂದ್ರು ಅಂತ ಕೇಳ್ತಾರೆ. ಹಾಗಾಗಿ ಅವರು ಹೇಳೋ ಮಾತು ಅಕ್ಷರಶಃ ನಿಜ, ಕೇಳಿಸತ್ತೆ ಆದ್ರೆ ಏನಂದ್ರು ಅಂತ ಗೊತ್ತಾಗಲ್ಲ. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ನಾವು ಕಿರುಚಿದ್ರೆ ಸ್ವರಗಳಷ್ಟೇ ಜೋರಾಗ್ತವೆ, ಮಾತು ಸ್ಪಷ್ಟ ಆಗಲ್ಲ, ಮೇಲಿಂದ ಬೈದಂಗೆ ಬೇರೆ ಕೇಳ್ಸತ್ತೆ.

ಮದುವೆ ಛತ್ರದಲ್ಲಿ ಗಮನಿಸಿ. ಊಟದ ಹಾಲಲ್ಲಿ ವಾಲಗ, ಪಾತ್ರೆ ಸದ್ದು, ನೂರು ಜನರ ಮಾತು, ಅದರ ಮಧ್ಯೆ ಹಿರಿಯರೊಬ್ಬರು ಎಲ್ಲರಿಗೂ ನಗ್ತಾ ತಲೆ ಆಡಿಸ್ತಾ ಕೂತಿರ್ತಾರೆ, ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋಗಿ ಒಬ್ಬರೇ ಕೂರ್ತಾರೆ. ನಮ್ಮಪ್ಪ ಹಾಗೇ ಮಾಡ್ತಿದ್ರು, ಜನ ಅಂದ್ರೆ ಪ್ರಾಣ ಬಿಡ್ತಿದ್ದ ಮನುಷ್ಯ. ಗದ್ದಲದಲ್ಲಿ ಮಾತು ಹೆಕ್ಕಿ ತೆಗೆಯೋಕೆ ಮಿದುಳಿಗೆ ಎಷ್ಟು ಸುಸ್ತಾಗತ್ತೆ ಅಂದ್ರೆ ಆ ಮಾತನ್ನ ನೆನಪಲ್ಲಿ ಇಟ್ಕೊಳ್ಳೋಕೆ ಶಕ್ತಿನೇ ಉಳಿಯಲ್ಲ. ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಕಮಿಷನ್ 2024ರಲ್ಲಿ ಕೊಟ್ಟ ವರದಿಯಲ್ಲಿ ನಾವು ತಡೆಯೋಕೆ ಪ್ರಯತ್ನ ಪಡಬಹುದಾದ 14 ಕಾರಣಗಳನ್ನ ಪಟ್ಟಿ ಮಾಡಿದಾರೆ, ಅದರಲ್ಲಿ ದೊಡ್ಡ ಪಾಲು ಇರೋ ಕಾರಣಗಳಲ್ಲಿ ಕಿವಿ ಮಂದ ಆಗೋದೂ ಒಂದು, ಕಣ್ಣಿನ ದೃಷ್ಟಿ ಕಮ್ಮಿಯಾಗೋದನ್ನ ಆ ವರ್ಷ ಹೊಸದಾಗಿ ಸೇರಿಸಿದ್ರು.

ಏನು ಮಾಡ್ಬೇಕು ಅಂದ್ರೆ, ಮೊದಲು ಇಎನ್‌ಟಿ ಡಾಕ್ಟರ್ ಹತ್ರ ಗುಗ್ಗೆ ಇದೆಯಾ ನೋಡಿಸಿ. ಗಟ್ಟಿಯಾದ ಗುಗ್ಗೆ ತೆಗೆದ ಕೂಡ್ಲೇ ಎಷ್ಟೋ ಜನರಿಗೆ ಕೇಳ್ಸೋಕೆ ಶುರುವಾಗತ್ತೆ. ಮನೇಲಿ ಹೇರ್‌ಪಿನ್, ಹತ್ತಿ ಕಡ್ಡಿ, ಬಿಸಿ ಎಣ್ಣೆ ಪ್ರಯೋಗ ದಯವಿಟ್ಟು ಬೇಡ. ಅದಾದ್ಮೇಲೆ ಆಡಿಯೋಮೆಟ್ರಿ ಮಾಡಿಸಿ, ಶಬ್ದ ಬರದ ರೂಮಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ ಮಾಡೋ ಟೆಸ್ಟ್, ನೋವಿಲ್ಲ ಏನಿಲ್ಲ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಟೆಸ್ಟು, ಹಿಯರಿಂಗ್ ಏಡ್ ಎರಡೂ ಅಲ್ಲೇ ಆಗತ್ತೆ. ಬಡತನ ರೇಖೆಗಿಂತ ಕೆಳಗಿರೋ ಹಿರಿಯರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ, ಹಿಯರಿಂಗ್ ಏಡ್, ಕನ್ನಡಕ, ಹಲ್ಲಿನ ಸೆಟ್, ವಾಕಿಂಗ್ ಸ್ಟಿಕ್ ಅದರಲ್ಲಿ ಬರತ್ತೆ.

ಹಿಯರಿಂಗ್ ಏಡ್ ತಂದ ಮನೆಗಳಲ್ಲಿ ಎಷ್ಟೋ ಕಡೆ ಅದು ಬೀರು ಸೇರಿರತ್ತೆ. ಕಾರಣ ಏನಂದ್ರೆ ಮೊದಲನೇ ದಿನಾನೇ ಹಾಕಿ ಮಾರ್ಕೆಟ್ಟಿಗೆ ಕರ್ಕೊಂಡು ಹೋಗ್ತೀವಿ, ಎಲ್ಲ ಸದ್ದೂ ಒಟ್ಟಿಗೆ ತಲೆ ಮೇಲೆ ಬಿದ್ದಂಗಾಗಿ ಕಿತ್ತು ಇಡ್ತಾರೆ. ಮೊದಲು ಮನೇಲಿ ಸದ್ದಿಲ್ಲದಾಗ ಒಂದು ಗಂಟೆ, ಒಬ್ಬರ ಜೊತೆ ಮಾತಾಡೋಕೆ, ಆಮೇಲೆ ಟಿವಿ, ಆಮೇಲೆ ನಾಲ್ಕು ಜನ ಇರೋ ಕಡೆ, ಹೀಗೆ ಕೆಲವು ವಾರ ತಗೊಂಡು ಹೆಚ್ಚಿಸ್ತಾ ಹೋಗಿ, ಮಧ್ಯೆ ಮಧ್ಯೆ ಆಡಿಯೋಲಜಿಸ್ಟ್, ಅಂದ್ರೆ ಶ್ರವಣ ತಜ್ಞರ ಹತ್ರ ಹೋಗಿ ಟ್ಯೂನಿಂಗ್ ಮಾಡಿಸಿ. ಮಾತಾಡುವಾಗ ನಾವೂ ಎದುರಿಗೆ ಬೆಳಕಲ್ಲಿ ನಿಂತು, ಮೊದಲು ಅಪ್ಪಾ ಅಂತ ಕರೆದು, ಅವರು ತಿರುಗಿದ್ಮೇಲೆ ನಿಧಾನಕ್ಕೆ ಹೇಳ್ಬೇಕು, ಕೇಳಿಸ್ಲಿಲ್ಲ ಅಂದ್ರೆ ಅದೇ ಪದ ಕಿರುಚೋ ಬದಲು ಬೇರೆ ಪದದಲ್ಲಿ ಹೇಳಿ. ಅಡುಗೆ ಮನೆಯಿಂದ ಕುಕ್ಕರ್ ಸದ್ದಿನ ಮಧ್ಯೆ ಕೂಗಿ ಕೇಳಿಸ್ಲಿಲ್ವಾ ಅನ್ನೋದು ನ್ಯಾಯ ಅಲ್ಲ.

ಒಂದೇ ಕಿವಿ ದಿಢೀರ್ ಅಂತ ಕೇಳ್ಸೋದು ನಿಂತೋದ್ರೆ ಮಾತ್ರ ಕಾಯ್ಬೇಡಿ, ಅವತ್ತೇ ಇಎನ್‌ಟಿ ಹತ್ರ ಹೋಗಿ, ದಿನ ಕಳೆದಷ್ಟೂ ಚಿಕಿತ್ಸೆ ಕೆಲಸ ಮಾಡೋದು ಕಮ್ಮಿ.

ಆಮೇಲೆ ಕಣ್ಣು

40 ದಾಟಿದ್ಮೇಲೆ ಚಾಳೀಸು ಬರೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಇರೋದು ಬೆಳಕಿನ ಲೆಕ್ಕ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗತ್ತೆ, ಲೆನ್ಸ್ ಹಳದಿ ಆಗತ್ತೆ, 20ರ ವಯಸ್ಸಿನವರ ಕಣ್ಣಿನ ಒಳಗೆ ಹೋಗೋ ಬೆಳಕಿನಲ್ಲಿ 60ರವರಿಗೆ ಸುಮಾರು ಮೂರನೇ ಒಂದು ಭಾಗ ಮಾತ್ರ ಒಳಗೆ ಹೋಗತ್ತೆ. ನಮಗೆ ಸಾಕಾಗೋ ಟ್ಯೂಬ್‌ಲೈಟು ಅವರಿಗೆ ಸಾಲಲ್ಲ. ಕಪ್ಪು, ಕಡುನೀಲಿ, ಕಂದು ಎಲ್ಲ ಒಂದೇ ಥರ ಕಾಣ್ತವೆ, ಬಿಸಿಲಿಂದ ಒಳಗೆ ಬಂದ್ರೆ ಕಣ್ಣು ಹೊಂದ್ಕೊಳ್ಳೋಕೆ ತುಂಬ ಹೊತ್ತು ಬೇಕು. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದಲ್ಲಿ ಅದೇ ಬಣ್ಣದ ಮೆಟ್ಟಿಲು ಇರತ್ತಲ್ಲ, ಅಲ್ಲಿ ಮೆಟ್ಟಿಲು ಎಲ್ಲಿ ಮುಗಿಯತ್ತೆ ಅಂತಾನೇ ಗೊತ್ತಾಗಲ್ಲ. ಹೊಸ್ತಿಲಿಗೆ ಹಳದಿ ಬಣ್ಣ ಬಳಿದು ಬಿಳಿ ರಂಗೋಲಿ ಎಳೆಯೋ ಪದ್ಧತಿ ಇರೋ ಮನೇಲಿ ಹೊಸ್ತಿಲು ಎದ್ದು ಕಾಣತ್ತೆ, ಅದೇ ಥರ ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಪೇಂಟೋ ಟೇಪೋ ಹಾಕಿಸಿ, ಖರ್ಚು ಏನೇನೂ ಇಲ್ಲ.

ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಅಂದ್ರೆ ಬರೀ ಕನ್ನಡಕದ ಅಂಗಡೀಲಿ ನಂಬರ್ ನೋಡ್ಸೋದಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕಿ ಹಿಂದಿನ ಪರದೆ, ಅಂದ್ರೆ ರೆಟಿನಾ ನೋಡ್ಬೇಕು, ಕಣ್ಣಿನ ಪ್ರೆಶರ್ ನೋಡ್ಬೇಕು. ಗ್ಲಾಕೋಮಾ ಅನ್ನೋ ಕಣ್ಣಿನ ನರದ ಕಾಯಿಲೆ ಹೆಚ್ಚಾಗಿ ನೋವೇ ಇಲ್ಲದೆ ಪಕ್ಕದ ದೃಷ್ಟಿನ ತಿಂದು ಹಾಕತ್ತೆ, ಶುಗರ್ ಇದ್ದವರಿಗೆ ರೆಟಿನಾ ಹಾಳಾಗೋದೂ ಹಾಗೇ, ಮೊದಮೊದಲು ಏನೂ ಗೊತ್ತಾಗಲ್ಲ, ಹೋದ ದೃಷ್ಟಿ ವಾಪಸ್ ಬರೋದು ಕಷ್ಟ. ಮನೇಲೇ ಮಾಡ್ಬಹುದಾದ ಒಂದು ಟೆಸ್ಟ್ ಇದೆ, ಗೋಡೆ ಕ್ಯಾಲೆಂಡರಿನ ಚೌಕಗಳನ್ನ ಒಂದೊಂದೇ ಕಣ್ಣು ಮುಚ್ಚಿ ನೋಡೋಕೆ ಹೇಳಿ, ನೇರ ಗೆರೆ ಸೊಟ್ಟಗೆ ಅಥವಾ ಅಲೆ ಅಲೆಯಾಗಿ ಕಂಡ್ರೆ ಬೇಗ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ಪೊರೆ ಹಣ್ಣಾಗ್ಲಿ ಆಮೇಲೆ ಆಪರೇಷನ್ ಅನ್ನೋದು ಹಳೇ ಕಾಲದ ಮಾತು, ಈಗಿನ ಆಪರೇಷನ್ನಿಗೆ ಹಣ್ಣಾಗೋವರೆಗೆ ಕಾಯೋ ಅಗತ್ಯಾನೇ ಇಲ್ಲ. ಇನ್ನೊಂದು, ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕ ಹಾಕಿದವರು ಮೆಟ್ಟಿಲು ಇಳಿಯುವಾಗ ಕೆಳಗಿನ ಓದೋ ಭಾಗದಿಂದ ನೋಡ್ತಾರೆ, ಮೆಟ್ಟಿಲು ಮಂಜಾಗಿ ಕಾಣತ್ತೆ. ಹೊರಗೆ ಓಡಾಡೋಕೆ ಬರೀ ದೂರದ ನಂಬರಿನ ಬೇರೆ ಕನ್ನಡಕ ಮಾಡಿಸ್ಬಹುದಾ ಅಂತ ಡಾಕ್ಟರನ್ನ ಕೇಳಿ.

ಕಾಲು, ಬ್ಯಾಲೆನ್ಸು

ಇದಕ್ಕೇ ಜಾಸ್ತಿ ಹೊತ್ತು ಕೊಡಿ ಅಂತ ಕೇಳ್ಕೊಳ್ತೀನಿ, ಯಾಕಂದ್ರೆ 65 ದಾಟಿದವರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರು ವರ್ಷದಲ್ಲಿ ಒಂದ್ಸಲ ಆದ್ರೂ ಬೀಳ್ತಾರೆ, ಸೊಂಟದ ಮೂಳೆ ಮುರಿದ್ರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ಓಡಾಡಲ್ಲ.

ನಾವು ನೆಟ್ಟಗೆ ನಿಲ್ಲೋದು ಮೂರು ಕಡೆಯಿಂದ ಬರೋ ಸುದ್ದಿ ಮೇಲೆ: ಕಣ್ಣು, ಒಳಕಿವಿ, ಅಂಗಾಲು ಮತ್ತೆ ಕೀಲುಗಳ ಸ್ಪರ್ಶ. ಒಂದು ಕೈ ಕೊಟ್ರೆ ಉಳಿದೆರಡು ಸಂಭಾಳಿಸ್ತವೆ. ಶುಗರಿಂದ ಅಂಗಾಲು ಜೋಮು ಹಿಡಿದವರು ಹಗಲು ಚೆನ್ನಾಗೇ ನಡೀತಾರೆ, ರಾತ್ರಿ ಕರೆಂಟ್ ಹೋದಾಗ ಅಥವಾ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಬೀಳ್ತಾರೆ. ಜೊತೆಗೆ ಮೊದಲು ತಾನಾಗೇ ಆಗ್ತಿದ್ದ ನಡಿಗೆಗೆ ಈಗ ಮಿದುಳು ಗಮನ ಕೊಡ್ಬೇಕಾಗತ್ತೆ. ನಡೀತಾ ಇರುವಾಗ ಮಾತಾಡ್ಸಿದ್ರೆ ನಿಂತು ಉತ್ತರ ಕೊಡ್ತಾರೆ ನೋಡಿ, ಅದು ಬೀಳೋ ರಿಸ್ಕ್ ಇದೆ ಅಂತ ತೋರಿಸೋ ಗುರುತು. ನೀವು ಹಿಂದಿನಿಂದ ಕೂಗಬೇಡಿ, ಮೆಟ್ಟಿಲ ಮೇಲೆ ಫೋನ್ ಎತ್ತಬೇಡಿ ಅಂತ ಅವರಿಗೆ ಹೇಳಿ.

ಮನೇಲಿ ಮಾಡೋ ಮೂರು ಪರೀಕ್ಷೆ, ಪಕ್ಕದಲ್ಲಿ ಒಬ್ಬರು ಹಿಡ್ಕೊಳ್ಳೋಕೆ ರೆಡಿ ಇರಲೇಬೇಕು.

ಒಂದನೇದು, ಗೋಡೆಗೆ ಒರಗಿಸಿಟ್ಟ ಕೈ ಇಲ್ಲದ ಕುರ್ಚೀಲಿ ಕೂರಿಸಿ, ಎರಡೂ ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತಾರೆ ಎಣಿಸಿ. 70ರಿಂದ 74ರ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಮ್ಮಿ ಆದ್ರೆ ತೊಡೆ ಬಲ ಸಾಲದು ಅಂತ ಅರ್ಥ. ಎರಡನೇದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ವಾಪಸ್ ಬಂದು ಕೂರೋಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಬೀಳೋ ಅಪಾಯ ಇದೆ. ಮೂರನೇದು, ಒಂದು ಪಾದದ ಹಿಮ್ಮಡಿ ಇನ್ನೊಂದು ಪಾದದ ಬೆರಳಿಗೆ ತಾಗೋ ಹಾಗೆ ಮುಂದೆ ಹಿಂದೆ ಇಟ್ಟು 10 ಸೆಕೆಂಡ್ ನಿಲ್ಲೋಕಾಗತ್ತಾ ನೋಡಿ. ಯಾವುದರಲ್ಲಾದ್ರೂ ಹಿಂದೆ ಬಿದ್ರೆ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ.

ಬಿಪಿ ಮೆಷಿನ್ ಮನೇಲಿದ್ರೆ ಇನ್ನೊಂದು ನೋಡಿ. ಐದು ನಿಮಿಷ ಮಲಗಿದ್ದಾಗ ಒಂದ್ಸಲ, ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಎದ್ದಾಗ ತಲೆಸುತ್ತು ಬರೋಕೆ ಅದೇ ಕಾರಣ ಇರ್ಬಹುದು, ಡಾಕ್ಟರ್‌ಗೆ ಆ ನಂಬರ್ ತೋರಿಸಿ. ಇನ್ನು ಹಾಸಿಗೇಲಿ ಮಗ್ಗಲು ಬದಲಿಸಿದ್ರೆ ಸಾಕು ರೂಮೇ ಗಿರ್ರಂತ ತಿರುಗತ್ತೆ ಅನ್ನೋರಿಗೆ ಹೆಚ್ಚಾಗಿ ಒಳಕಿವಿಯ ಕ್ಯಾಲ್ಸಿಯಂ ಕಣಗಳು ಜಾಗ ಬಿಟ್ಟಿರ್ತವೆ, ಡಾಕ್ಟರು ತಲೆ ತಿರುಗಿಸಿ ಮಾಡೋ ಒಂದು ವಿಧಾನದಲ್ಲಿ ಅದು ಸರಿಹೋಗತ್ತೆ, ತಿಂಗಳುಗಟ್ಟಲೆ ಮಾತ್ರೆ ನುಂಗೋ ಅವಶ್ಯಕತೆ ಇರಲ್ಲ.

ಮನೇಲಿ ಮೊದಲು ಬಚ್ಚಲಿಂದ ಶುರು ಮಾಡಿ. ಹಿಡಿಕೆ ಗೋಡೆಗೆ ಗಟ್ಟಿಯಾಗಿ ಕೊರೆದು ಹಾಕ್ಸಿ, ಟವೆಲ್ ಹಾಕೋ ರಾಡ್ ಹಿಡ್ಕೊಂಡ್ರೆ ಅದೇ ಕಿತ್ಕೊಂಡು ಬರತ್ತೆ. ಕೂತು ಸ್ನಾನ ಮಾಡೋಕೆ ಜಾರದ ಸ್ಟೂಲು, ಬಕೆಟ್ಟನ್ನ ಇನ್ನೊಂದು ಸ್ಟೂಲ್ ಮೇಲಿಟ್ರೆ ಚೊಂಬು ಮುಳುಗಿಸೋಕೆ ಬಗ್ಗೋದು ತಪ್ಪತ್ತೆ. ಒಳಗಿಂದ ಚಿಲಕ ಹಾಕ್ಬೇಡಿ ಅಂತ ಒಪ್ಪಿಸಿ. ಕಾಲೊರೆಸೋ ಹಳೇ ಬಟ್ಟೆ, ಮಡಿಸಿದ ಜಮಖಾನ, ಚಾರ್ಜರ್ ವೈರು ಎಲ್ಲ ಓಡಾಡೋ ದಾರಿಯಿಂದ ತೆಗೆದುಬಿಡಿ. ಹವಾಯಿ ಚಪ್ಪಲಿ ಬದಲು ಹಿಂದೆ ಪಟ್ಟಿ ಇರೋದು. ಸೀರೆ, ಪಂಚೆ ನೆಲ ಗುಡಿಸೋ ಹಾಗಿರೋದು ಬೇಡ. ಮಂಚದಿಂದ ಟಾಯ್ಲೆಟ್‌ವರೆಗೆ ರಾತ್ರಿ ಲೈಟ್ ಉರೀಲಿ, ಎದ್ದ ತಕ್ಷಣ ನಡೆಯೋದು ಬೇಡ, ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಕಾಲಾಡಿಸಿ ಆಮೇಲೆ.

ವ್ಯಾಯಾಮ ಅಂದ್ರೆ ಬರೀ ವಾಕಿಂಗ್ ಸಾಲಲ್ಲ. ವಾರಕ್ಕೆ ಮೂರು ದಿನ ಆದ್ರೂ ಬಲ ಮತ್ತೆ ಬ್ಯಾಲೆನ್ಸಿಗೆ ಅಂತಾನೇ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೋದು, ಕಟ್ಟೆ ಉದ್ದಕ್ಕೂ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯೋದು, ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋದು, ಹಾಲು ಕಾಯೋ ಹೊತ್ತಿಗೆ ಮುಗಿಯತ್ತೆ. ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನೋರಾದ್ರೆ ಮೊಟ್ಟೆ ಮೀನು, ಬರೀ ಅನ್ನ ಸಾರಲ್ಲಿ ಮಾಂಸಖಂಡ ಉಳಿಯಲ್ಲ.

ಬಿದ್ದಾಗ ಗಾಬರಿಯಲ್ಲಿ ರಟ್ಟೆ ಹಿಡಿದು ಎಳೆದು ಎಬ್ಬಿಸ್ಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂಗೆ ಕಂಡ್ರೆ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಚೆನ್ನಾಗೇ ಮಾತಾಡ್ತಿದ್ರೂ ಆಸ್ಪತ್ರೆಗೆ ಹೋಗಿ, ಒಳಗೆ ನಿಧಾನಕ್ಕೆ ರಕ್ತ ಕಟ್ಟಿ ವಾರಗಳಾದ್ಮೇಲೂ ತಲೆನೋವು, ಮಂಪರು, ಗೊಂದಲ ಶುರುವಾಗಬಹುದು.

ಮೂಗು, ನಾಲಿಗೆ, ಚರ್ಮ

ನಾಲಿಗೆಗಿಂತ ಮೂಗು ಜಾಸ್ತಿ ಮಂದ ಆಗತ್ತೆ, ರುಚಿ ಇಲ್ಲ ಅಂತ ಉಪ್ಪು ಸುರ್ಕೊಳ್ತಾರೆ, ಬಿಪಿ ಏರತ್ತೆ. ಉಪ್ಪಿನ ಬದಲು ನಿಂಬೆ, ಜೀರಿಗೆ ಮೆಣಸು, ಶುಂಠಿ, ಒಗ್ಗರಣೆಯ ಇಂಗು ಜಾಸ್ತಿ ಮಾಡಿ ನೋಡಿ. ಹಳಸಿದ ಪಲ್ಯ, ಗ್ಯಾಸ್ ಲೀಕ್ ವಾಸನೆ ಗೊತ್ತಾಗದೆ ಇರೋದು ಇನ್ನೂ ಅಪಾಯ, ಒಬ್ಬರೇ ಇರೋ ಮನೆಗೆ ಗ್ಯಾಸ್ ಅಲಾರಂ ಹಾಕ್ಸಿ, ಎಲ್‌ಪಿಜಿ ಲೀಕ್ ಆದ್ರೆ 1906. ಬಾಯಾರಿಕೆನೂ ಕಮ್ಮಿ ಆಗತ್ತೆ, ಕೇಳಿದಾಗ ಕೊಡೋದಲ್ಲ, ಬಾಟ್ಲಿ ತುಂಬಿ ಕಣ್ಣೆದುರು ಇಡಿ, ಹೃದಯ ಅಥವಾ ಕಿಡ್ನಿ ತೊಂದರೆ ಇದ್ರೆ ಎಷ್ಟು ಅಂತ ಡಾಕ್ಟರನ್ನ ಕೇಳಿ. ಶುಗರ್ ಇರೋರ ಅಂಗಾಲನ್ನ ದಿನಾ ರಾತ್ರಿ ನೋಡಿ, ಮುಳ್ಳು ಚುಚ್ಚಿದ್ರೂ ಗೊತ್ತಾಗಿರಲ್ಲ, ಸ್ನಾನದ ನೀರಿನ ಬಿಸಿನ ಅವರ ಕಾಲಲ್ಲಿ ಅಲ್ಲ ಬೇರೆಯವರ ಮೊಣಕೈಯಲ್ಲಿ ನೋಡ್ಬೇಕು.

ಮಾತ್ರೆ ಡಬ್ಬಿ, ರಕ್ತ ಪರೀಕ್ಷೆ

ಮನೇಲಿರೋ ಎಲ್ಲ ಮಾತ್ರೆನೂ, ಮೆಡಿಕಲ್ ಶಾಪಲ್ಲಿ ಚೀಟಿ ಇಲ್ಲದೆ ತಂದಿದ್ದು, ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟಿದ್ದು ಎಲ್ಲ ಒಂದು ಬ್ಯಾಗಿಗೆ ಹಾಕ್ಕೊಂಡು ಒಬ್ಬರೇ ಫಿಸಿಷಿಯನ್ ಮುಂದೆ ಸುರಿಯಿರಿ. ಶುಗರ್ ಡಾಕ್ಟರ್ ಕೊಟ್ಟಿದ್ದು ಹಾರ್ಟ್ ಡಾಕ್ಟರಿಗೆ ಗೊತ್ತಿರಲ್ಲ. ನಿದ್ದೆಗೆ ಅಂತ ವರ್ಷಗಟ್ಟಲೆ ತಗೊಳ್ಳೋ ಆಲ್ಪ್ರಾಜೋಲಾಮ್ ಥರದ್ದು, ನೆಗಡಿ ಅಲರ್ಜಿಗೆ ತಗೊಳ್ಳೋ ಮಂಪರು ಬರಿಸೋ ಮಾತ್ರೆ, ಪ್ರೊಸ್ಟೇಟಿಗೆ ಕೊಡೋ ಕೆಲವು ಮಾತ್ರೆ, ಇವು ಹಿರಿಯರಲ್ಲಿ ಗೊಂದಲ, ತಲೆಸುತ್ತು, ಬೀಳೋದು ಎಲ್ಲಕ್ಕೂ ಕಾರಣ ಆಗ್ತವೆ. ನೀವೇ ನಿಲ್ಲಿಸ್ಬೇಡಿ ಮಾತ್ರ, ನಿದ್ದೆ ಮಾತ್ರೆ ಒಮ್ಮೆಲೇ ಬಿಟ್ರೆ ಅದೇ ತೊಂದರೆ.

ರಕ್ತದಲ್ಲಿ ವಿಟಮಿನ್ ಬಿ12, ಥೈರಾಯ್ಡ್, ಸೋಡಿಯಂ, ಹಿಮೋಗ್ಲೋಬಿನ್, ಶುಗರ್, ಕಿಡ್ನಿ ನೋಡೋಕೆ ಹೇಳಿ. ಸಸ್ಯಾಹಾರಿಗಳಲ್ಲಿ, ಶುಗರಿಗೆ ಕೊಡೋ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ಬಹಳ ವರ್ಷದಿಂದ ತಗೊಳ್ಳೋರಲ್ಲಿ ಬಿ12 ಕಮ್ಮಿ ಇರೋದು ತುಂಬ ಸಾಮಾನ್ಯ, ಅದರಿಂದ ಮರೆವು, ಕಾಲು ಜೋಮು ಎರಡೂ ಬರತ್ತೆ, ಬೇಗ ಗೊತ್ತಾದ್ರೆ ಇಂಜೆಕ್ಷನ್ನಲ್ಲಿ ಸುಧಾರಿಸತ್ತೆ.

ಕೊನೇಲಿ ನೆನಪು

ವಯಸ್ಸಾದಂತೆ ಮಿದುಳಿನ ಸ್ಪೀಡ್ ಕಮ್ಮಿ ಆಗತ್ತೆ, ಹೆಸರು ನಾಲಿಗೆ ತುದೀಲಿ ನಿಂತು ಅರ್ಧ ಗಂಟೆ ಆದ್ಮೇಲೆ ಬರತ್ತೆ, ಎರಡು ಕೆಲಸ ಒಟ್ಟಿಗೆ ಮಾಡೋಕೆ ಕಷ್ಟ. ಪದಸಂಪತ್ತು, ಅನುಭವದ ತಿಳುವಳಿಕೆ, ಮನುಷ್ಯರನ್ನ ಅಳೆಯೋ ಜ್ಞಾನ ಹಾಗೆಲ್ಲ ಹೋಗಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರೋರು ಶೇಕಡಾ 7.4 ಅಂತ 2023ರಲ್ಲಿ ಬಂದ ಅಧ್ಯಯನದ ಅಂದಾಜು, ಅಂದ್ರೆ 100ರಲ್ಲಿ 92ಕ್ಕಿಂತ ಜಾಸ್ತಿ ಜನಕ್ಕೆ ಇಲ್ಲ.

ಚಿಂತೆ ಮಾಡ್ಬೇಕಾಗಿದ್ದು ಯಾವುದು ಅಂದ್ರೆ, ಬೀಗದ ಕೈ ಎಲ್ಲಿಟ್ಟೆ ಅನ್ನೋದಲ್ಲ, ಬೀಗದ ಕೈ ಹಿಡ್ಕೊಂಡು ಇದೇನಕ್ಕೆ ಅನ್ನೋದು. ದಿನಾ ಹೋಗೋ ದೇವಸ್ಥಾನದಿಂದ ಮನೆಗೆ ದಾರಿ ತಪ್ಪೋದು. ಐವತ್ತು ವರ್ಷ ಮಾಡಿದ ಹುಳಿಗೆ ಏನು ಮೊದಲು ಹಾಕ್ಬೇಕು ಅಂತ ಒಲೆ ಮುಂದೆ ನಿಂತುಬಿಡೋದು. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ, ಕೇಳಿದ್ದು ನೆನಪೇ ಇಲ್ಲದೆ. ಸ್ವಭಾವನೇ ಬದಲಾಗೋದು. ಸಂಗಾತಿ ತೀರ್ಕೊಂಡ ಮೇಲೆ ಮಂಕಾದವರಲ್ಲಿ ಖಿನ್ನತೆನೂ ಮರೆವಿನ ಥರಾನೇ ಕಾಣತ್ತೆ, ಅದಕ್ಕೆ ಚಿಕಿತ್ಸೆ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡ್ಬಹುದು.

ನಿನ್ನೆವರೆಗೆ ಚೆನ್ನಾಗಿದ್ದವರು ಇವತ್ತು ದಿಢೀರ್ ಅಂತ ಏನೇನೋ ಮಾತಾಡಿದ್ರೆ ಅದು ಡಿಮೆನ್ಷಿಯಾ ಅಲ್ಲ, ಮೂತ್ರದ ಸೋಂಕು, ಸೋಡಿಯಂ ಇಳಿದಿರೋದು, ಶುಗರ್ ಲೋ, ಹೊಸ ಮಾತ್ರೆ, ಏನೋ ಆಗಿರತ್ತೆ, ಅವತ್ತೇ ಆಸ್ಪತ್ರೆಗೆ. ಬಾಯಿ ಸೊಟ್ಟ ಆದ್ರೆ, ಕೈ ಬಿದ್ದೋದ್ರೆ, ಮಾತು ತೊದಲಿದ್ರೆ ಸ್ಟ್ರೋಕ್, ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು, ಹಾಗಾಗಿ ಯಾವಾಗ ಶುರುವಾಯ್ತು ಅಂತ ಟೈಮ್ ನೋಡ್ಕೊಂಡು ಹೊರಡಿ.

ನೆನಪಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲೆಗಳಲ್ಲೂ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಬ್ರೇನ್ ಹೆಲ್ತ್ ಕ್ಲಿನಿಕ್ ಶುರು ಮಾಡಿದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಕನ್ನಡಕ ಒರೆಸಿ ಹಾಕಿಸಿ, ಹಿಯರಿಂಗ್ ಏಡ್ ಬ್ಯಾಟರಿ ನೋಡಿ, ನಿಮ್ಮ ನೋಟ್‌ಬುಕ್ಕು, ಮಾತ್ರೆ ಬ್ಯಾಗು, ರಿಪೋರ್ಟು ತಗೊಳ್ಳಿ, ಸಾಧ್ಯ ಆದ್ರೆ ಬೆಳಗಿನ ಹೊತ್ತು ಹೋಗಿ. ಒಳಗೆ ಡಾಕ್ಟರ್ ಅಪ್ಪನನ್ನ ಕೇಳಿದ್ದಕ್ಕೆ ಅಪ್ಪನೇ ಉತ್ತರ ಕೊಡ್ಲಿ, ತಡ ಆದ್ರೂ ಪರವಾಗಿಲ್ಲ, ಮಧ್ಯೆ ಬಾಯಿ ಹಾಕಿ ಹೇಳ್ಕೊಡಬೇಡಿ. ಅವರ ಮುಂದೇನೇ ಇವರಿಗೆ ಏನೂ ಗೊತ್ತಾಗಲ್ಲ ಡಾಕ್ಟ್ರೇ ಅನ್ನೋದಂತೂ ಬೇಡವೇ ಬೇಡ, ಎಲ್ಲ ಗೊತ್ತಾಗ್ತಿರತ್ತೆ. ನೀವು ನೋಡಿದ್ದನ್ನ ಚೀಟೀಲಿ ಬರೆದು ಮೊದಲೇ ಕೊಟ್ಬಿಡಿ.

ಫೋನು, ದುಡ್ಡಿನ ವಿಷಯ ಇದಕ್ಕೇ ಸೇರಿದ್ದು. ಯೋಚನೆ ನಿಧಾನ ಆದವರನ್ನ ಅವಸರ ಪಡಿಸೋದೇ ಮೋಸಗಾರರ ದಾರಿ, ಈಗಲೇ ಓಟಿಪಿ ಹೇಳಿ, ಈಗಲೇ ಡಿಜಿಟಲ್ ಅರೆಸ್ಟ್ ಮಾಡ್ತೀವಿ ಅಂತ ಹೆದರಿಸೋದು. ಯಾರು ಅವಸರ ಮಾಡಿದ್ರೂ ಫೋನ್ ಇಟ್ಬಿಡಿ, ನನಗೆ ಕಾಲ್ ಮಾಡಿ, ನಾನು ಬೈಯಲ್ಲ ಅಂತ ಮೊದಲೇ ಹೇಳಿಟ್ಟಿರಿ, ಬೈಸ್ಕೊಳ್ಳೋ ಭಯಕ್ಕೇ ಎಷ್ಟೋ ಜನ ಮುಚ್ಚಿಡ್ತಾರೆ. ದುಡ್ಡು ಹೋಗೇಬಿಟ್ಟಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇರೆ ಯಾವುದೇ ಸಹಾಯಕ್ಕೆ ಹಿರಿಯರ ಸಹಾಯವಾಣಿ 14567. ಈ ನಂಬರುಗಳನ್ನ ದಪ್ಪ ಅಕ್ಷರದಲ್ಲಿ, ಬಿಳಿ ಹಾಳೆ ಮೇಲೆ ಕಪ್ಪು ಮಾರ್ಕರಲ್ಲಿ ಬರೆದು, ಅವರು ಕೂರೋ ಕುರ್ಚಿಯಿಂದ ಕನ್ನಡಕ ಇಲ್ಲದೆನೂ ಕಾಣೋ ಹಾಗೆ ಅಂಟಿಸಿ.